ಹಳದಿ ಬಸ್ಸಿನವಳ ನಾಲ್ಕನೆಯ ನುಡಿ

ಎದುರಿಗೆ ಕುಳಿತಿದ್ದ ಕವಿಯನ್ನು ನೀವು ಇಲ್ಲವೆಂದು ಸಾರಿದಿರಿ. ಆಕೆಯ ಹಾಡನ್ನು ವೇದಿಕೆಯ ಮೇಲೆ ಹಾಡಿಸಿದಿರಿ; ಆಕೆ ತನ್ನ ಗುರುತನ್ನು ಇಟ್ಟಿದ್ದ ಕೊನೆಯ ನುಡಿಯನ್ನು ಕತ್ತರಿಸಿದಿರಿ; ಉಳಿದ ಮೂರು ನುಡಿಗಳಿಗೆ ‘ಅಮೆರಿಕದ ಜನಪದ ಗೀತೆ’ ಎಂದು ಹೆಸರಿಟ್ಟಿರಿ. ಅದೇ ಹೊತ್ತಿನಲ್ಲಿ ಆ ಹಾಡನ್ನು ಕಟ್ಟಿದಾಕೆ, ನನ್ನ ಅಕ್ಕ ಉಡಿಸಿದ ಸೀರೆಯಲ್ಲಿ, ಮೂರನೆಯ ಸಾಲಿನ ಕುರ್ಚಿಯೊಂದರಲ್ಲಿ ಕುಳಿತಿದ್ದರು.

ಈ ಆರೋಪ ನಮ್ಮದೇ ಹಾಡಿನ ಬಳಗದ ಸಮಿತಿಯ ಮೇಲೆ. ಬಳಗವೆಂದರೆ ದೊಡ್ಡ ಸಂಘವಲ್ಲ. ಅಮೆರಿಕದ ಸಿಯಾಟಲ್ ನಗರದ ಆಸುಪಾಸಿನ ಬಾಥೆಲ್, ಕೆನ್ಮೋರ್, ಕ್ರಾಸ್‌ರೋಡ್ಸ್ ಕಡೆಯ ಒಂದಷ್ಟು ಕನ್ನಡ ಮನೆಗಳು ಸೇರಿ, ಶಾಲೆಯೊಂದರ ಸಭಾಂಗಣವನ್ನು ಬಾಡಿಗೆಗೆ ಹಿಡಿದು, ವರ್ಷಕ್ಕೊಮ್ಮೆ ರಾಜ್ಯೋತ್ಸವ ಮಾಡುವ ಗುಂಪು. ಸಮಿತಿಯವರು ಕೆಟ್ಟವರಲ್ಲ. ಅವರ ಮನೆಗಳಲ್ಲಿ ನಾನು ಉಂಡಿದ್ದೇನೆ. ನನಗೆ ಜ್ವರ ಬಂದಾಗ ಮೆಣಸಿನ ಸಾರು ಕಳುಹಿಸಿದವರು ಅವರು. ಒಳ್ಳೆಯವರ ತಪ್ಪನ್ನು ಎತ್ತಿ ಆಡಲು ಎಲ್ಲರಿಗೂ ಸಂಕೋಚ; ಆ ಸಂಕೋಚದ ನೆರಳಿನಲ್ಲಿ ತಪ್ಪು ಬೇರೂರುತ್ತದೆ. ಆದ್ದರಿಂದ ನಡೆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ಯಾರ ಹೆಸರನ್ನೂ ಇಲ್ಲಿ ಹೇಳುವುದಿಲ್ಲ, ಹಾಡು ಕಟ್ಟಿದಾಕೆಯ ಹೆಸರನ್ನೂ. ಅದನ್ನು ಮೊದಲು ಹೇಳಬೇಕಾದವರು ನೀವು. ಹೇಳಬೇಕಾದ ಜಾಗ ಆ ವೇದಿಕೆ.

ನಾನು ಗಿಟಾರ್ ನುಡಿಸುವವಳು. ಮೈಸೂರಿನಲ್ಲಿ ಓದುವಾಗ ಭಾವಗೀತೆ ಹಾಡುವವರ ಹಿಂದೆ, ತಬಲಾದವರ ಪಕ್ಕದಲ್ಲಿ, ಬೆಳಕು ಸರಿಯಾಗಿ ಬೀಳದ ಮೂಲೆಯಲ್ಲಿ ಕುಳಿತು ನುಡಿಸುತ್ತಿದ್ದೆ. ಆ ಸಭೆಗಳಲ್ಲಿ ಒಂದು ಕಟ್ಟುನಿಟ್ಟಿತ್ತು. ಪ್ರತಿ ಹಾಡಿಗೂ ಮೊದಲು ಸಾಹಿತ್ಯ ಯಾರದು, ರಾಗ ಸಂಯೋಜನೆ ಯಾರದು ಎಂದು ನಿರೂಪಕರು ಹೇಳಬೇಕು. ಒಮ್ಮೆ ಒಬ್ಬ ನಿರೂಪಕ ಕವಿಯ ಹೆಸರನ್ನು ತಪ್ಪಾಗಿ ಹೇಳಿದಾಗ, ಹಿಂದಿನ ಸಾಲಿನಿಂದ ಮುದುಕರೊಬ್ಬರು ಎದ್ದು ನಿಂತು ತಿದ್ದಿದರು; ಅವನು ಸರಿಯಾದ ಹೆಸರನ್ನು ಮೈಕಿನಲ್ಲಿ ಹೇಳುವವರೆಗೂ ಕೂರಲಿಲ್ಲ. ಯಾರೂ ಅವರನ್ನು ಕೂರಿ ಎನ್ನಲಿಲ್ಲ. ಕನ್ನಡದ ಸಭೆ ಎಂದರೆ ಇದು ಎಂದು ನಾನು ಅಂದು ತಿಳಿದುಕೊಂಡೆ.

ಎರಡು ಸಾವಿರದ ಹತ್ತರ ದಶಕದ ಮೊದಲ ವರ್ಷಗಳಲ್ಲಿ ಸಾರ್ವಜನಿಕ ನೀತಿಯನ್ನು ಓದಲು ಸಿಯಾಟಲ್‌ಗೆ ಬಂದೆ. ಉಳಿದುಕೊಂಡದ್ದು ಬಾಥೆಲ್‌ನಲ್ಲಿ, ಅಕ್ಕ ಭಾವನ ಮನೆಯಲ್ಲಿ. ಆ ಊರಿನಲ್ಲಿ ಕಾರಿಲ್ಲದವರು ಅರ್ಧ ಮನುಷ್ಯರು. ನಾನು ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ಬಸ್ಸಿನಲ್ಲಿ ವಿಶ್ವವಿದ್ಯಾಲಯಕ್ಕೆ ಹೋಗಿ ಬರುತ್ತಿದ್ದೆ. ಒಂದು ದಿನ ಕೆನ್ಮೋರ್ ದಾಟುವಾಗ ಪಕ್ಕದ ಸೀಟಿನ ವೃದ್ಧರು ಪೆಟ್ಟಿಗೆಯನ್ನು ಬೆರಳಿನಿಂದ ತಟ್ಟಿ, ಒಳಗೆ ಏನಾದರೂ ಇದೆಯೋ ಅಥವಾ ಬರಿಯ ಶೋಕಿಗೋ ಎಂದು ವಿಚಾರಿಸಿದರು. ಅವರು ವಿಮಾನದ ಕಾರ್ಖಾನೆಯಿಂದ ನಿವೃತ್ತರಾದವರು. ಸ್ಟೀಲ್ ಗಿಟಾರ್ ನುಡಿಸುತ್ತಿದ್ದರು. ಮೇಜಿನಂತೆ ಅಡ್ಡಲಾಗಿ ನಿಂತ ಆ ವಾದ್ಯದ ತಂತಿಗಳ ಮೇಲೆ ಉಕ್ಕಿನ ಸರಳೊಂದನ್ನು ಜಾರಿಸುತ್ತಾರೆ. ಸ್ವರ ಒಂದು ಕಡೆ ನಿಲ್ಲದೆ ಮುಂದಿನದಕ್ಕೆ ಅಳುತ್ತ ಹರಿಯುತ್ತದೆ. ಭಾನುವಾರ ಮಧ್ಯಾಹ್ನ ಸರೋವರದ ದಂಡೆಯ ಹಾಲ್‌ಗೆ ಬಾ ಎಂದರು. ಹೋದೆ. ಆಮೇಲೆ ಹಲವು ವರ್ಷ ಆ ಭಾನುವಾರಗಳನ್ನು ತಪ್ಪಿಸಲಿಲ್ಲ.

ಅಲ್ಲಿ ಸೇರುತ್ತಿದ್ದವರು ಕಂಟ್ರಿ ಸಂಗೀತದವರು, ಅಂದರೆ ತಾವೇ ಹಾಡು ಕಟ್ಟಿ ತಾವೇ ಹಾಡುವವರು. ವೇದಿಕೆ ಇರಲಿಲ್ಲ. ಕುರ್ಚಿಗಳನ್ನು ವೃತ್ತವಾಗಿ ಹಾಕಿಕೊಂಡು ಒಬ್ಬರಾದ ಮೇಲೆ ಒಬ್ಬರು ಹಾಡುವುದು, ಉಳಿದವರು ಹಿತಮಿತವಾಗಿ ಜೊತೆಗೂಡುವುದು. ನೀರಿನ ಮೇಲಿಂದ ಏಳುವ ಪುಟ್ಟ ವಿಮಾನಗಳು ಹಾಲ್‌ನ ನೆತ್ತಿಯ ಮೇಲೆಯೇ ಹಾದುಹೋಗುತ್ತಿದ್ದವು. ಸದ್ದು ಹತ್ತಿರವಾದ ಕೂಡಲೇ ಹಾಡುವವರು ಪದದ ನಡುವೆಯೇ ಬಾಯಿ ಮುಚ್ಚುತ್ತಿದ್ದರು. ನಮ್ಮ ಕೈಗಳು ತಂತಿಯ ಮೇಲೆ ನಿಲ್ಲುತ್ತಿದ್ದವು. ವಿಮಾನ ದೂರವಾದ ಮೇಲೆ ಬಿಟ್ಟ ಅಕ್ಷರದಿಂದಲೇ ಹಾಡು ಮತ್ತೆ ಏಳುತ್ತಿತ್ತು. ಮೊದಲ ಸಲ ನನಗೆ ನಗು ಬಂತು. ಆಮೇಲೆ ವಿಮಾನ ಬಾರದ ಹಾಡು ಏನೋ ಬೋಳಾಗಿ ಕೇಳತೊಡಗಿತು.

ಹಾಡುವವರು ಮೇಳಕ್ಕೆ ದಾರಿ ತೋರಿಸುವುದು ಬೆರಳುಗಳಿಂದ. ಎದೆಯ ಬಳಿ ಒಂದು ಬೆರಳು, ನಾಲ್ಕು ಬೆರಳು, ಐದು ಬೆರಳು ತೋರಿಸುತ್ತಾರೆ. ಶ್ರುತಿಯಿಂದ ಎಣಿಸಿ ಆ ಸ್ವರದ ಮೇಲಿನ ಸ್ವರಗುಚ್ಛವನ್ನು ನುಡಿಸಬೇಕು. ಷಡ್ಜ, ಮಧ್ಯಮ, ಪಂಚಮ ಎಂದು ನಾನು ಮನಸ್ಸಿನಲ್ಲೇ ತಿರುಗಿಸಿಕೊಂಡೆ. ನನ್ನ ಕೈ ಬೇಗ ಪಳಗಿದ್ದನ್ನು ಕಂಡು ಸ್ಟೀಲ್ ಗಿಟಾರಿನವರಿಗೆ ಆಶ್ಚರ್ಯ. ನಾನು ಕಾರಣ ಹೇಳಿದಾಗ, ಹಾಗಾದರೆ ನಿಮ್ಮ ಊರಿನವರು ನಮಗಿಂತ ಮೊದಲೇ ಕಂಟ್ರಿ ಹಾಡುತ್ತಿದ್ದರು ಅನ್ನು ಎಂದು ನಕ್ಕರು.

ಆ ವೃತ್ತದ ಒಂದು ನಿಯಮವೇ ಈ ಬರಹದ ಬೆನ್ನೆಲುಬು. ಮೊದಲ ಸುತ್ತಿನಲ್ಲಿ ಸ್ವಂತ ಹಾಡು. ಎರಡನೆಯ ಸುತ್ತಿನಲ್ಲಿ ಬೇರೆಯವರ ಹಾಡನ್ನು ಹಾಡಬಹುದು, ಆದರೆ ಅದು ಯಾರದೆಂದು ಮೊದಲು ಹೇಳಬೇಕು. ಹೇಳದೆ ಶುರು ಮಾಡಿದರೆ ಯಾರೂ ಬೈಯುವುದಿಲ್ಲ; ಒಬ್ಬೊಬ್ಬರಾಗಿ ವಾದ್ಯಗಳನ್ನು ಕೆಳಗಿಡುತ್ತಾರೆ. ಹಾಡುವವರು ಒಂಟಿಯಾಗಿ ನಾಲ್ಕು ಸಾಲು ಹಾಡುವಷ್ಟರಲ್ಲಿ ತಾವಾಗಿಯೇ ನಿಲ್ಲಿಸಿ ಹೆಸರು ಹೇಳುತ್ತಿದ್ದರು. ವಾದ್ಯಗಳು ಮತ್ತೆ ಮಡಿಲಿಗೆ ಬರುತ್ತಿದ್ದವು.

ಹೆಸರಿನ ಬಗ್ಗೆ ಆ ಜನಕ್ಕಿದ್ದ ಹಟ ಕೆಲವೊಮ್ಮೆ ನಗೆಪಾಟಲೂ ಆಗುತ್ತಿತ್ತು. ವಿಚ್ಛೇದನ ಪಡೆದ ಗಂಡಹೆಂಡತಿ ಇಬ್ಬರು ತಮ್ಮ ಜಗಳದ ಮೇಲೆಯೇ ಹಾಡು ಕಟ್ಟಿ, ಒಟ್ಟಿಗೆ ಬಂದು, ಸ್ವರ ಕೂಡಿಸಿ ಹಾಡುತ್ತಿದ್ದರು. ಹಾಡುವ ಮುನ್ನ ಪಾಲು ಹಂಚಿಕೆ. ಅಲ್ಲಿಯವರ ಇಂಗ್ಲಿಷನ್ನೆಲ್ಲ ನಮ್ಮ ಮನೆಯ ಕನ್ನಡದಲ್ಲಿ ಬರೆಯುತ್ತೇನೆ.

“ಎರಡನೇ ನುಡಿ ನಂದು,” ಎನ್ನುತ್ತಿದ್ದ ಆತ.

“ಹೌದು, ಮೊದಲನೇದು ನಂದು. ಅದರಲ್ಲಿರೋ ಸುಳ್ಳುಗಳು ಮಾತ್ರ ಇವನದು,” ಎನ್ನುತ್ತಿದ್ದಳು ಆಕೆ.

ಇನ್ನೊಬ್ಬ ತರುಣನಿದ್ದ. ಅವನ ಹಾಡುಗಳೆಲ್ಲ ಅಪ್ಪನ ಹಳೆಯ ಪಿಕಪ್ ಗಾಡಿಯ ಮೇಲೆ. ಅವನ ಸರದಿ ಬಂದಾಗ ವೃತ್ತದ ಆಚೆ ಬದಿಯಿಂದ ಒಂದು ಒಡಕು ದನಿ, “ಇವತ್ತಾದ್ರೂ ಸ್ಟಾರ್ಟ್ ಆಗುತ್ತೇನಪ್ಪಾ, ಇಲ್ಲ ಎಲ್ಲರೂ ಇಳಿದು ತಳ್ಬೇಕಾ?” ಎಂದು ಕೇಳುತ್ತಿತ್ತು. ಆ ದನಿಯ ಒಡತಿಯೇ ಈ ಹಾಡನ್ನು ಕಟ್ಟಿದಾಕೆ.

ಎಪ್ಪತ್ತು ದಾಟಿದ್ದ ಆಕೆ ಕೆಲಸದಲ್ಲಿದ್ದಷ್ಟು ಕಾಲವೂ ಶಾಲೆಯ ಹಳದಿ ಬಸ್ಸನ್ನು ಓಡಿಸಿದವರು. ಮಕ್ಕಳನ್ನೆಲ್ಲ ಇಳಿಸಿ ಬರಿಯ ಬಸ್ಸನ್ನು ಡಿಪೋಗೆ ತರುವ ದಾರಿಯಲ್ಲಿ ಹಾಡು ಕಟ್ಟುತ್ತಿದ್ದರಂತೆ. ಸ್ಟಿಯರಿಂಗ್ ಹಿಡಿದ ಕೈಗೆ ಬರೆಯಲು ಬಿಡುವಿಲ್ಲ. ಹಾಗಾಗಿ ಕಟ್ಟಿದ್ದೆಲ್ಲ ಬಾಯಿಪಾಠ. ನಿವೃತ್ತರಾದ ಮೇಲೂ ಅದೇ ರೂಢಿ ಉಳಿಯಿತು. ಹಿರಿಯರನ್ನು ಹೆಸರು ಹಿಡಿದು ಕರೆಯಲು ನನ್ನ ನಾಲಿಗೆ ಏಳದು, ಮ್ಯಾಮ್ ಎನ್ನುತ್ತಿದ್ದೆ. ಮೊದಲ ದಿನವೇ ಅವರು, ತನ್ನನ್ನು ಹಾಗೆ ಕರೆಯುತ್ತಿದ್ದವರು ಟ್ರಾಫಿಕ್ ಪೊಲೀಸರು ಮಾತ್ರ, ಅವರೂ ದಂಡ ಹಾಕುವ ಮುನ್ನ ಎಂದರು. ಆದರೂ ಆ ಹೆಸರೇ ನಿಂತಿತು.

ಅವರಿಗೆ ಜೊತೆ ನುಡಿಸುವುದು ಕ್ರಮೇಣ ನನ್ನ ಪಾಲಿಗೆ ಬಂತು. ಗಿಟಾರಿನ ಕೊರಳಿಗೆ ಕೇಪೋ ಎಂಬ ಪಟ್ಟಿಯೊಂದನ್ನು ತಂತಿಗಳ ಮೇಲೆ ಬಿಗಿದರೆ ಶ್ರುತಿ ಏರುತ್ತದೆ. ಕೆಳಗಿನ ಮೆಟ್ಟಿಗೆ ಸರಿಸಿದರೆ ಇಳಿಯುತ್ತದೆ. ಆಕೆಯ ಶ್ವಾಸಕೋಶ ಕೈಕೊಡುತ್ತಿತ್ತು. ಮೇಲಿನ ಸ್ವರದಲ್ಲಿ ಉಸಿರು ತುಂಡಾಗುವುದನ್ನು ಕೇಳಿ, ನಾನು ಯಾರಿಗೂ ಹೇಳದೆ ಕೇಪೋವನ್ನು ಒಂದು ಮೆಟ್ಟು ಕೆಳಗೆ ಸರಿಸಿದೆ. ಕೆಲವು ತಿಂಗಳಾದ ಮೇಲೆ ಇನ್ನೊಂದು ಮೆಟ್ಟು. ಪಕ್ಕವಾದ್ಯದವರ ಮರ್ಯಾದೆ ಅದು. ಮೈಸೂರಿನಲ್ಲಿ ಹಾರ್ಮೋನಿಯಂ ನುಡಿಸುವವರು ಹಿರಿಯ ಗಾಯಕರಿಗೆ ಹೀಗೆ ಮಾಡುತ್ತಿದ್ದುದನ್ನು ಕಂಡಿದ್ದೆ. ಗಾಯಕರೂ ಅರಿಯದವರಂತೆ ಹಾಡುತ್ತಿದ್ದರು. ಆಕೆಯೂ ಹಾಗೆಯೇ ಇದ್ದರು. ಒಂದು ದಿನ ಮಾತ್ರ, ಗಿಟಾರನ್ನು ಪೆಟ್ಟಿಗೆಗೆ ಹಾಕುವಾಗ ಹತ್ತಿರ ಬಂದು, “ಇನ್ನೆಷ್ಟು ಮೆಟ್ಟಿಲು ಉಳಿದಿದೆ ಕೆಳಗೆ?” ಎಂದು ಕೇಳಿದರು. ಬೇಕಾದಷ್ಟಿದೆ ಮ್ಯಾಮ್ ಎಂದೆ. ಅವರು ಗಿಟಾರನ್ನು ನೋಡಿದರು, ನನ್ನನ್ನು ನೋಡಿದರು.

ಅಕ್ಕ ನನ್ನನ್ನು ಕಾರಿನಲ್ಲಿ ಕರೆದೊಯ್ಯಲು ಬರುವಾಗ ಹಾಲ್‌ನ ಬಾಗಿಲಲ್ಲಿ ನಿಂತು ಕೊನೆಯ ಹಾಡನ್ನು ಕೇಳುತ್ತಿದ್ದಳು. ಹಾಗೆ ಪರಿಚಯವಾಗಿ, ಆಕೆ ನಮ್ಮ ಮನೆಗೆ ಬರತೊಡಗಿದರು. ಉಪ್ಪಿಟ್ಟು ಅವರಿಗೆ ಹಿಡಿಸಿತು. ಒಗ್ಗರಣೆಯ ಮೆಣಸಿನಕಾಯಿಗಳನ್ನು ತಟ್ಟೆಯ ಅಂಚಿನಲ್ಲಿ ಸಾಲಾಗಿ ಇಟ್ಟು, ಇವರನ್ನೆಲ್ಲ ಮೊದಲೇ ಇಳಿಸಿಬಿಡುತ್ತೇನೆ ಎನ್ನುತ್ತಿದ್ದರು. ಭಾವ ಎದುರಿಗಿದ್ದರೆ ಅವರಿಬ್ಬರದೂ ಟ್ರಾಫಿಕ್‌ನ ಮಾತು. ಯಾವ ಹೊತ್ತಿಗೆ ಯಾವ ರಸ್ತೆ ಹಿಡಿಯಬೇಕೆಂದು ಆಕೆ ಹೇಳಿಕೊಟ್ಟ ಮೇಲೆ ಭಾವ ಆಫೀಸಿನಿಂದ ಬೇಗ ಬರತೊಡಗಿದರು ಎಂಬುದು ಅಕ್ಕನ ಸಾಕ್ಷ್ಯ.

ಅಂಥ ಒಂದು ಶನಿವಾರ ಅಕ್ಕ ಹಿಟ್ಟು ಕಲಸುತ್ತ ದಾಸರ ಪದವೊಂದನ್ನು ಗುನುಗುತ್ತಿದ್ದಳು. ಕೊನೆಯ ನುಡಿ ಬಂದಾಗ, ರೂಢಿಯಂತೆ, ನಿಧಾನಿಸಿದಳು. ಪದ ಅರ್ಥವಾಗದಿದ್ದರೂ ಆಕೆ ಆ ನಿಧಾನವನ್ನು ಹಿಡಿದರು. ಅಲ್ಲೇನಿದೆ, ಯಾಕೆ ಬ್ರೇಕ್ ಒತ್ತಿದೆ ಎಂದು ಕೇಳಿದರು.

ಅಕ್ಕ ಅಂಕಿತದ ವಿಚಾರ ಹೇಳಿದಳು. ದಾಸರು ಪದದ ಕೊನೆಯಲ್ಲಿ ತಮ್ಮ ದೈವದ ಹೆಸರನ್ನು ಗುರುತಾಗಿ ಇಡುತ್ತಿದ್ದರು, ವಚನಕಾರರೂ ಹಾಗೆಯೇ, ಎಷ್ಟೋ ನೂರು ವರ್ಷ ಬಾಯಿಂದ ಬಾಯಿಗೆ ಬಂದರೂ ಯಾವುದು ಯಾರದೆಂದು ಇವತ್ತಿಗೂ ತಿಳಿಯುವುದು ಅದರಿಂದಲೇ.

ಆಕೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ಅಂದ್ರೆ ಹಾಡನ್ನ ಯಾರೂ ಕದಿಯೋಕಾಗಲ್ಲ?”

“ಕದೀಬಹುದು. ಆದ್ರೆ ಕದ್ದವರ ಜೊತೇಲೇ ಹೆಸರೂ ಹೋಗುತ್ತಲ್ಲ,” ಎಂದಳು ಅಕ್ಕ.

ಆಗ ಆಕೆ ಹಿಂದಿನ ಒಂದು ಸಂಗತಿಯನ್ನು ಹೇಳಿದರು. ಹರೆಯದಲ್ಲಿ ಕಟ್ಟಿದ ಒಂದು ಹಾಡನ್ನು ಯಾವುದೋ ಊರಿನ ಕೂಟದಲ್ಲಿ ಹಾಡಿದ್ದರಂತೆ. ಕೇಳಿದವರು ಕಲಿತರು, ಕಲಿತವರು ಇನ್ನೊಬ್ಬರಿಗೆ ಕಲಿಸಿದರು. ಹಲವು ವರ್ಷಗಳ ಮೇಲೆ ಡಿಪೋದ ರೇಡಿಯೋದಲ್ಲಿ ಅದೇ ಹಾಡು, ಯಾರದೋ ದನಿಯಲ್ಲಿ. ಮುಗಿದ ಮೇಲೆ ಉದ್ಘೋಷಕ ಅದು ಪರಂಪರೆಯಿಂದ ಬಂದದ್ದು, ಕರ್ತೃ ಯಾರೋ ತಿಳಿಯದು ಎಂದ. ಅದು ನನ್ನದು ಎಂದು ಆಕೆ ಡಿಪೋದಲ್ಲಿದ್ದ ಮೆಕ್ಯಾನಿಕ್‌ಗಳಿಗೆ ಹೇಳಿದರು. ಅವರು ನಗಲೂ ಇಲ್ಲ, ನಂಬಲೂ ಇಲ್ಲ. ಅಂದಿನಿಂದ ಆಕೆ ಆ ಹಾಡನ್ನು ಹಾಡಲಿಲ್ಲ. ನಾನು ಹಾಡಿದರೂ ರೇಡಿಯೋದಲ್ಲಿ ಕೇಳಿ ಕಲಿತದ್ದು ಅಂದುಕೊಳ್ಳುತ್ತಾರೆ ಎಂದರು, ನೀರಿನ ಲೋಟವನ್ನು ಮೇಜಿನ ಮೇಲೆ ಸುಮ್ಮನೆ ತಿರುಗಿಸುತ್ತ.

ಮುಂದಿನ ಭಾನುವಾರ ಅವರ ಬಸ್ಸಿನ ಹಾಡಿಗೆ ನಾಲ್ಕನೆಯ ನುಡಿ ಬಂದಿತ್ತು. ಹಾಡಿನಲ್ಲಿ ಮಕ್ಕಳು ಒಂದೊಂದೇ ಮನೆಯ ಮುಂದೆ ಇಳಿಯುತ್ತಾರೆ. ಮೊದಲ ನುಡಿಯಲ್ಲಿ ಗಲಾಟೆ, ಎರಡನೆಯದರಲ್ಲಿ ಪಿಸುಮಾತು, ಮೂರನೆಯದರಲ್ಲಿ ಬಾಗಿಲ ದೀಪ ಹಚ್ಚದ ಮನೆಯ ಮುಂದೆ ಇಳಿಯಲು ಹಿಂಜರಿಯುವ ಒಂದು ಮಗು. ಅಲ್ಲಿಗೆ ಮುಗಿಯುತ್ತಿದ್ದ ಹಾಡಿಗೆ ಆಕೆ ತನ್ನ ಗುರುತನ್ನು ಸೇರಿಸಿದ್ದರು. ದೈವದ ಹೆಸರು ತನಗೆ ಒಗ್ಗದು ಎಂದು, ಮಕ್ಕಳು ತನ್ನನ್ನು ಕರೆಯುತ್ತಿದ್ದ ಹೆಸರನ್ನೇ ಇಟ್ಟುಕೊಂಡಿದ್ದರು. ಆಮೇಲೆ ನಾನೂ ಅಕ್ಕನೂ ಅವರನ್ನು ಎದುರಿಗೆ ಕೂರಿಸಿಕೊಂಡು, ಸಾಲು ಸಾಲಿಗೂ ಅರ್ಥ ಕೇಳಿ, ಅವರದೇ ಮಟ್ಟಿಗೆ ಕನ್ನಡ ಮಾಡಿದೆವು. ಆ ನುಡಿ ಇದು:

ದೀಪವಿಟ್ಟ ಬಾಗಿಲುಗಳ ಎಣಿಸಿ ಎಣಿಸಿ ಬಂದೆ,
ತಿರುಗಿ ಹೋಗೊ ದಾರಿಯಲ್ಲಿ ಕತ್ತಲೊಂದೆ ಮುಂದೆ;
ಯಾರು ನಿಮ್ಮ ತಂದರೆಂದು ಮನೆಯವರು ಕೇಳಲು
ಹಳದಿ ಬಸ್ಸಿನವಳು ಎನ್ನಿ, ಸಾಕು ಅಷ್ಟು ಹೇಳಲು.

ವೃತ್ತದಲ್ಲಿ ಆ ನುಡಿಯನ್ನು ಮೊದಲು ಹಾಡಿದಾಗ ಪಿಕಪ್ ಗಾಡಿಯ ತರುಣ ತನಗೂ ಒಂದು ಗುರುತು ಬೇಕೆಂದು ಕೇಳಿದ. ನಿನಗೆ ಬೇಡ, ನಿನ್ನ ಹಾಡನ್ನು ಯಾರೂ ಓಡಿಸಿಕೊಂಡು ಹೋಗುವುದಿಲ್ಲ, ಅದು ಸ್ಟಾರ್ಟ್ ಆಗುವುದಿಲ್ಲವಲ್ಲ ಎಂದರು ಆಕೆ. ಅಷ್ಟು ಉಲ್ಲಾಸವಾಗಿ ಅವರನ್ನು ನಾನು ಬೇರೆ ಯಾವತ್ತೂ ಕಂಡಿಲ್ಲ.

ರಾಜ್ಯೋತ್ಸವದಲ್ಲಿ ಅದನ್ನು ಹಾಡಿಸಬೇಕೆಂಬ ಆಸೆ ಅಕ್ಕನದು. ಬಳಗದ ಹೆಂಗಸರು ಒಪ್ಪಿ, ಕ್ರಾಸ್‌ರೋಡ್ಸ್‌ನ ಅಪಾರ್ಟ್‌ಮೆಂಟ್ ಒಂದರ ಕೆಳಮಹಡಿಯ ಕೋಣೆಯಲ್ಲಿ ಅಭ್ಯಾಸ ಮಾಡಿದರು. ನಾಲ್ಕೂ ನುಡಿಗಳನ್ನು ಕಲಿತರು. ಅದು ಯಾರ ಹಾಡೆಂದು ಸಮಿತಿಗೆ ತಿಳಿದಿತ್ತು. ನಿರೂಪಣೆ ಮಾಡುವಾಕೆಗೆ ಆಕೆಯ ಹೆಸರನ್ನು ನಾನೇ ಹೇಳಿ, ಉಚ್ಚಾರಣೆಯನ್ನೂ ತಿದ್ದಿದ್ದೆ.

ಕಾರ್ಯಕ್ರಮದ ದಿನ ಎಲ್ಲವೂ ತಡವಾಗಿ ಶುರುವಾಯಿತು. ಪುಟಾಣಿಗಳ ನೃತ್ಯ ಬೆಳೆಯಿತು, ಅತಿಥಿಗಳ ಭಾಷಣ ಅದಕ್ಕಿಂತ ಬೆಳೆಯಿತು. ಸಂಜೆಯಾಗುವ ಮುನ್ನ ಸಭಾಂಗಣ ಬಿಟ್ಟುಕೊಡಬೇಕು. ಹೊರಗಿನ ಮೊಗಸಾಲೆಯಲ್ಲಿ ಬಿಸಿಬೇಳೆಬಾತ್ ಆರುತ್ತಿತ್ತು. ನಾನು ಗಿಟಾರ್ ಹಿಡಿದು ಹಾಡುವವರ ಮುಂದೆ ಕುಳಿತಿದ್ದೆ. ನಿರೂಪಕಿ ಮೈಕಿನ ಮುಂದೆ ಬಂದು, ಪ್ರೀತಿ ತುಂಬಿದ ದನಿಯಲ್ಲಿ, ಈಗ ಅಮೆರಿಕದ ಮಣ್ಣಿನ ಒಂದು ಸೊಗಸಾದ ಜನಪದ ಗೀತೆ, ಕನ್ನಡದಲ್ಲಿ ಎಂದಳು.

ಕೆನ್ಮೋರ್‌ನ ಆ ಹಾಲ್‌ನಲ್ಲಾಗಿದ್ದರೆ ನಾನು ಆ ಕ್ಷಣವೇ ಗಿಟಾರನ್ನು ಕೆಳಗಿಡುತ್ತಿದ್ದೆ. ಇಡಲಿಲ್ಲ, ಏಕೆಂದರೆ ನನಗೊಂದು ನಂಬಿಕೆ ಇತ್ತು. ನಿರೂಪಕಿ ಏನೇ ಹೇಳಲಿ, ಹಾಡು ತನ್ನ ಒಡತಿ ಯಾರೆಂದು ಕೊನೆಯಲ್ಲಿ ತಾನೇ ಹೇಳುತ್ತದೆ. ಅಂಕಿತ ಇರುವುದು ಇಂಥ ದಿನಕ್ಕಾಗಿಯೇ. ಮೂರನೆಯ ಸಾಲಿನಲ್ಲಿ ಅಕ್ಕ ಆಕೆಯ ಕಿವಿಗೆ ಬಾಗಿ ನಿರೂಪಣೆಯನ್ನು ಇಂಗ್ಲಿಷ್‌ಗೆ ತಿರುಗಿಸುತ್ತಿರುವುದು ನನಗೆ ಕಾಣುತ್ತಿತ್ತು. ಆಕೆ ಏನೂ ಆಗದವರಂತೆ ಕುಳಿತಿದ್ದರು. ಅವರಿಗೂ ಅದೇ ನಂಬಿಕೆ ಇತ್ತೆಂದು ಆಮೇಲೆ ತಿಳಿಯಿತು.

ಮೂರು ನುಡಿ ಚೆನ್ನಾಗಿ ನಡೆಯಿತು. ನಾಲ್ಕನೆಯದಕ್ಕೆ ಮುನ್ನ ಗಿಟಾರಿನದೊಂದು ಚಿಕ್ಕ ನಡಿಗೆ, ಹಾಡಿಲ್ಲದೆ ನುಡಿಸುವ ಕೆಲವು ಸ್ವರ. ಅದನ್ನು ನುಡಿಸುತ್ತಿರುವಾಗ ಹಿಂದೆ ಸೀರೆಗಳ ಸರಬರ ಕೇಳಿಸಿತು. ತಿರುಗಿ ನೋಡಿದರೆ ಹಾಡುವವರು ಕೈಮುಗಿದು ಬಾಗುತ್ತಿದ್ದಾರೆ. ಹೊತ್ತಾಯಿತು, ಮೂರು ನುಡಿಗೆ ನಿಲ್ಲಿಸಿ ಎಂದು ಬಳಗದ ಅಧ್ಯಕ್ಷರು ಪರದೆಯ ಬದಿಯಲ್ಲಿ ಅವರಿಗೆ ಹೇಳಿದ್ದರು. ವಾದ್ಯದವಳಿಗೆ ಹೇಳಬೇಕೆಂದು ಯಾರಿಗೂ ತೋರಿರಲಿಲ್ಲ. ಚಪ್ಪಾಳೆ ಎದ್ದಿತು. ಊಟ ಸಿದ್ಧವಿದೆಯೆಂದು ಮೈಕು ಹೇಳಿತು. ಜನ ಕುರ್ಚಿಗಳಿಂದ ಏಳತೊಡಗಿದರು.

ನನ್ನ ಕೈ ನಿಲ್ಲಲಿಲ್ಲ. ನಡಿಗೆ ಮುಗಿದು ನಾಲ್ಕನೆಯ ನುಡಿಯ ಮಟ್ಟು ಬಂತು. ಪದವಿಲ್ಲದೆ ಅದನ್ನೇ ನುಡಿಸಿದೆ. ಆಗ ಮೂರನೆಯ ಸಾಲಿನಿಂದ, ಏಳುತ್ತಿದ್ದವರ ಮಧ್ಯದಿಂದ, ಕುಳಿತಲ್ಲಿಂದಲೇ ಆಕೆ ತಮ್ಮ ಇಂಗ್ಲಿಷಿನಲ್ಲಿ ಹಾಡಿದರು. ಮೈಕಿರಲಿಲ್ಲ, ಉಸಿರೂ ಅಷ್ಟಾಗಿ ಇರಲಿಲ್ಲ. ಬಳಗದ ಹಾಡುಗಾರ್ತಿಯರಿಗೆಂದು ಇಟ್ಟಿದ್ದ ಶ್ರುತಿ ಅವರಿಗೆ ಬಹಳ ಎತ್ತರ. ಎರಡನೆಯ ಸಾಲಿನ ಮೇಲಿನ ಸ್ವರವನ್ನು ಮುಟ್ಟಲಾಗದೆ ಅದನ್ನು ಮಾತಿನಂತೆ ಆಡಿ ದಾಟಿದರು. ನಾಲ್ಕು ಸಾಲನ್ನೂ ಮುಗಿಸಿದರು. ಕೇಳಿದವರು ಅಕ್ಕ, ನಾನು, ಮತ್ತು ಪಕ್ಕದ ಕುರ್ಚಿಯಲ್ಲಿ ಮಗುವಿಗೆ ಸ್ವೆಟರ್ ಹಾಕುತ್ತಿದ್ದ ಒಬ್ಬ ತಾಯಿ.

ಮೊಗಸಾಲೆಯಲ್ಲಿ ಅಧ್ಯಕ್ಷರು ತಾವಾಗಿಯೇ ಬಂದು ಆಕೆಗೆ ತಟ್ಟೆ ತಂದುಕೊಟ್ಟರು. ಖಾರ ಕಡಿಮೆ ಇರುವ ಕಡೆಯಿಂದ ಬಡಿಸಿದ್ದೇನೆ ಎಂದರು. ಅದು ನಾಟಕವಲ್ಲ, ಅವರ ಸ್ವಭಾವವೇ ಹಾಗೆ. ಆಕೆ ಥ್ಯಾಂಕ್ಸ್ ಹೇಳಿ ಉಂಡರು. ಕಾರಿನಲ್ಲಿ ಹಿಂದಿರುಗುವಾಗ ಅಕ್ಕ ಕ್ಷಮೆ ಕೇಳಲು ತೊಡಗಿದಳು. ಜನಪದ ಎಂದು ಅವರು ಅವಮಾನ ಮಾಡಲು ಹೇಳಿದ್ದಲ್ಲ, ನಮ್ಮಲ್ಲಿ ಅದು ದೊಡ್ಡ ಮಾತು, ಎಲ್ಲರದೂ ಆದದ್ದು ಎಂಬ ಅರ್ಥ ಎಂದಳು. ಆಕೆ ಸೆರಗನ್ನು ಸೀಟ್ ಬೆಲ್ಟಿನಿಂದ ಬಿಡಿಸಿಕೊಳ್ಳುತ್ತಿದ್ದರು.

“ಎಲ್ಲರದೂ ಆಗ್ಲಿ, ಬೇಡ ಅಂದೋರ್ಯಾರು? ನಾನು ಸತ್ತ ಮೇಲೆ ಆಗ್ಲಿ. ಇವತ್ತು ನಾನು ಅಲ್ಲೇ ಕೂತಿದ್ನಲ್ಲಮ್ಮಾ.”

ಆ ವಾರವೇ ಬಳಗದವರು ಹಾಡಿನ ವಿಡಿಯೋವನ್ನು ಅಂತರ್ಜಾಲಕ್ಕೆ ಏರಿಸಿದರು. ಅಕ್ಕನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರವೆಲ್ಲ ಇಂಗ್ಲಿಷಿನಲ್ಲಿ. ಅಡುಗೆಮನೆಯಲ್ಲಿ ನಾಲ್ಕೂ ನುಡಿಗಳನ್ನು ಕೇಳಿ ಕೇಳಿ ಕಲಿತಿದ್ದ ಅವಳು ವಿಡಿಯೋ ನಿಂತ ಕೂಡಲೇ, “ಬಟ್ ಚಿಕ್ಕಮ್ಮಾ, ದಟ್ಸ್ ನಾಟ್ ದಿ ಎಂಡ್,” ಎಂದಳು.

ನಾನು ಅಧ್ಯಕ್ಷರ ಮನೆಗೆ ಹೋದೆ. ಕಾಫಿ ಕೊಟ್ಟರು. ಮಾತನ್ನು ತಡೆಯದೆ ಕೇಳಿದರು. ಅದಕ್ಕಾಗಿ ನಾನು ಅವರನ್ನು ಗೌರವಿಸುತ್ತೇನೆ. ಸಭಾಂಗಣದ ಬಾಗಿಲು ಹಾಕುವವರು ಕೀಲಿ ಹಿಡಿದು ನಿಂತಿದ್ದರು, ತಡವಾದರೆ ಮುಂದಿನ ವರ್ಷ ಜಾಗ ಸಿಗುವುದಿಲ್ಲ ಎಂದು ವಿವರಿಸಿದರು. ನಿರೂಪಕಿಗೆ ಹೆಸರು ಆ ಗಡಿಬಿಡಿಯಲ್ಲಿ ಮರೆತುಹೋಗಿತ್ತಂತೆ; ಮರೆತೆನೆಂದು ಹೇಳಲಾಗದೆ ಜನಪದ ಎಂದಳಂತೆ. ಇದನ್ನೆಲ್ಲ ನಾನು ನಂಬುತ್ತೇನೆ. ಆದರೆ ವಿಡಿಯೋದ ಕೆಳಗಿನ ವಿವರವನ್ನು ಬರೆಯುವಾಗ ಯಾರೂ ಕೀಲಿ ಹಿಡಿದು ನಿಂತಿರಲಿಲ್ಲವಲ್ಲ ಎಂದು ಕೇಳಿದೆ. ಅಲ್ಲಿಯೂ ಜನಪದ ಗೀತೆ ಎಂದೇ ಇದೆ.

“ಅದನ್ನ ಯಾರು ಓದ್ತಾರೆ ಪುಟ್ಟಾ? ಬಿಡು, ಮುಂದಿನ ವರ್ಷ ಚೆನ್ನಾಗಿ ಮಾಡೋಣ,” ಎಂದರು.

“ಅಂಕಲ್, ಅವರ ಉಸಿರು ಮುಂದಿನ ವರ್ಷಕ್ಕೆ ಕಾಯುತ್ತಾ?” ಎಂದೆ.

ಅವರು ಕಾಫಿಯ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಹೊರಡುವಾಗ ಅವರ ಹೆಂಡತಿ ಡಬ್ಬಿಯಲ್ಲಿ ಕೋಡುಬಳೆ ಹಾಕಿಕೊಟ್ಟರು.

ಯಾರು ಓದುತ್ತಾರೆ ಎಂಬ ಪ್ರಶ್ನೆಗೆ ಕಾಲವೇ ಉತ್ತರ ಕೊಟ್ಟಿದೆ. ಮುಂದಿನ ಯುಗಾದಿಯಲ್ಲಿ ಬಾಥೆಲ್ ಬಳಿಯ ದೇವಸ್ಥಾನದ ಅಂಗಳದಲ್ಲಿ ಬೇರೊಂದು ಗುಂಪಿನ ಮಕ್ಕಳು ಅದೇ ಹಾಡನ್ನು ಹಾಡಿದರು. ಮೂರು ನುಡಿ. ಹೇಳಿಕೊಟ್ಟ ಮಹಿಳೆಯನ್ನು ಕೇಳಿದೆ. ಇಲ್ಲಿಯ ಹಳೆಯ ಜನಪದವಂತೆ, ವಿಡಿಯೋ ನೋಡಿ ಕಲಿಸಿದೆ ಎಂದರು ಸಂತೋಷದಿಂದ. ಡಿಪೋದ ರೇಡಿಯೋದಲ್ಲಿ ಒಮ್ಮೆ ಆದದ್ದು ಆಕೆಗೆ ಎರಡನೆಯ ಸಲ ಆಗುತ್ತಿದೆ, ಈ ಸಲ ಕನ್ನಡದಲ್ಲಿ. ಮೊದಲ ಸಲ ಕದ್ದವರಿಗೆ ಆಕೆ ಯಾರೆಂದು ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತು.

ಆಕೆ ಈಗಲೂ ಭಾನುವಾರ ಕೆನ್ಮೋರ್‌ನ ಹಾಲ್‌ಗೆ ಬರುತ್ತಾರೆ. ಪಕ್ಕದಲ್ಲಿ ಆಮ್ಲಜನಕದ ಸಣ್ಣ ಯಂತ್ರ ಇರುತ್ತದೆ. ನನ್ನ ಗಿಟಾರಿನ ಕೇಪೋ ಕೆಳಗಿಳಿದು ಇಳಿದು ಈಗ ಪೆಟ್ಟಿಗೆಯಲ್ಲೇ ಉಳಿದಿದೆ. ತಂತಿಗಳನ್ನೇ ಸಡಿಲಿಸಿ ನುಡಿಸುತ್ತೇನೆ. ಅದಕ್ಕಿಂತ ಸಡಿಲಿಸಿದರೆ ತಂತಿ ಕಟಕಟ ಅನ್ನುತ್ತದೆ, ನಾದ ಬರುವುದಿಲ್ಲ. ನೀರಿನ ವಿಮಾನ ಬಂದಾಗ ಎಲ್ಲರಿಗಿಂತ ಮೊದಲು ಅವರೇ ನಿಲ್ಲಿಸುತ್ತಾರೆ, ಉಸಿರು ತೆಗೆದುಕೊಳ್ಳಲು ಒಂದು ನೆವ ಸಿಕ್ಕಿತೆಂದು. ಬಸ್ಸಿನ ಹಾಡನ್ನು ಮಾತ್ರ ಆ ರಾಜ್ಯೋತ್ಸವದ ಮೇಲೆ ಅವರು ಹಾಡಿಲ್ಲ. ನಾನು ಒಮ್ಮೆ ಅದರ ಮೊದಲ ಸ್ವರಗಳನ್ನು ನುಡಿಸಿ ಕರೆದೆ. ಅವರು ಎದೆಯ ಬಳಿ ಬೆರಳು ತೋರಿಸಿ ಬೇರೊಂದು ಹಾಡಿಗೆ ಹೋದರು.

ಆದಕಾರಣ, ಬಳಗದ ಅಧ್ಯಕ್ಷರಲ್ಲಿಯೂ ಸಮಿತಿಯ ಸದಸ್ಯರೆಲ್ಲರಲ್ಲಿಯೂ ಗೌರವಪೂರ್ವಕವಾಗಿ, ಆದರೆ ಬಹಿರಂಗವಾಗಿ, ವಿನಂತಿಸಿಕೊಳ್ಳುತ್ತೇನೆ. ಹಾಡಿನ ಕರ್ತೃ ಯಾರೆಂದು ತಿಳಿದಿದ್ದೂ ಅದನ್ನು ಜನಪದವೆಂದು ಪ್ರಕಟಿಸಿದ್ದು ಏಕೆ, ತಿಳಿಸಿಹೇಳಿದ ಮೇಲೂ ತಿದ್ದದೆ ಉಳಿಸಿದ್ದು ಏಕೆ ಎಂಬುದಕ್ಕೆ ಸಮಿತಿಯು ತನ್ನ ಎಲ್ಲ ಸದಸ್ಯರ ಮುಂದೆ ಉತ್ತರ ನೀಡಬೇಕು. ಈಗಿರುವ ವಿಡಿಯೋವನ್ನು ಹಿಂತೆಗೆದುಕೊಂಡು, ನಾಲ್ಕು ನುಡಿಗಳನ್ನೂ ಪೂರ್ತಿಯಾಗಿ ಹಾಡಿಸಿ, ಆಕೆಯ ಹೆಸರಿನೊಂದಿಗೆ ಮತ್ತೆ ಪ್ರಕಟಿಸಬೇಕು. ಅದನ್ನು ನೋಡಿ ಕಲಿತ ಗುಂಪುಗಳಿಗೆ ತಿದ್ದುಪಡಿಯನ್ನು ತಿಳಿಸಬೇಕು. ಮುಂದಿನ ರಾಜ್ಯೋತ್ಸವದವರೆಗೆ ಕಾಯದೆ, ಎಲ್ಲರೂ ಸೇರುವ ಒಂದು ಮಧ್ಯಾಹ್ನವನ್ನು ಗೊತ್ತುಮಾಡಿ, ಆಕೆಯನ್ನು ಕರೆದು, ವೇದಿಕೆಯ ಮೇಲಿಂದ ಆ ಹೆಸರನ್ನು ಸ್ಪಷ್ಟವಾಗಿ ಉಚ್ಚರಿಸಬೇಕು. ಆ ದಿನ ಶ್ರುತಿಯನ್ನು ಆಕೆಯೇ ಆರಿಸಲಿ.

ಈ ಉತ್ತರ ಬರುವ ತನಕ ಬಳಗದ ಯಾವ ಕಾರ್ಯಕ್ರಮದಲ್ಲಿಯೂ ನಾನು ನುಡಿಸುವುದಿಲ್ಲ. ಕೆನ್ಮೋರ್‌ನ ವೃತ್ತದಲ್ಲಿ ಕಲಿತ ನಿಯಮದಂತೆ ನನ್ನ ಗಿಟಾರನ್ನು ನಿಮ್ಮ ಮುಂದೆ ಕೆಳಗಿಟ್ಟಿದ್ದೇನೆ. ಅದು ಯಾರ ಹಾಡು ಎಂದು ಹೇಳಿ, ಎತ್ತಿಕೊಳ್ಳುತ್ತೇನೆ.